ಗವರ್ನರ್ ಫಿಲಿಪ್ ಒಳ್ಳೆಯವನಾ? ಮಗಳ ಶಾಲೆ ಪ್ರಾಜೆಕ್ಟ್‌ಗೆ ಏನು ಹೇಳಲಿ?

ತುಂಗಾಬಿ_ಸುಮಾ
ಎಲ್ಲರಿಗೂ ನಮಸ್ಕಾರ. ನಾವಿರುವುದು ಸಿಡ್ನಿಯ ಪಶ್ಚಿಮಕ್ಕೆ, ತುಂಗಾಬಿಯಲ್ಲಿ. ಮಗಳಿಗೆ ಶಾಲೆಯಲ್ಲಿ ಒಂದು ಪುಟ ಬರೆದು ತರಲು ಹೇಳಿದ್ದಾರೆ. ವಿಷಯ: ಇಲ್ಲಿನ ಬ್ರಿಟಿಷ್ ವಸಾಹತಿನ ಮೊದಲ ಗವರ್ನರ್ ಆರ್ಥರ್ ಫಿಲಿಪ್ ಮತ್ತು ಇಲ್ಲಿನ ಮೂಲನಿವಾಸಿಗಳು.

ಲೈಬ್ರರಿಯಿಂದ ಪುಸ್ತಕ ತಂದು ಓದಿದಳು. 1790ರಲ್ಲಿ ಮ್ಯಾನ್ಲಿ ಕಡಲತೀರದಲ್ಲಿ ಒಬ್ಬ ಫಿಲಿಪ್‌ನ ಭುಜಕ್ಕೆ ಈಟಿ ಹೊಡೆದ. ಆದರೂ ಫಿಲಿಪ್ "ಯಾರೂ ಸೇಡು ತೀರಿಸಬೇಡಿ" ಅಂದ. ಅದನ್ನು ಓದಿ ಮಗಳು "ಇವನು ತುಂಬಾ ಒಳ್ಳೆಯವನು" ಅಂತ ಬರೆದಳು. ಎರಡು ಪುಟ ಹಿಂದೆ ತಿರುಗಿಸಿದರೆ, ಅದೇ ಫಿಲಿಪ್ ಆಳುಗಳನ್ನು ಕಳಿಸಿ ಬೆನ್ನೆಲಾಂಗ್ ಅನ್ನುವ ಮೂಲನಿವಾಸಿಯನ್ನು ಹಿಡಿಸಿ ತಂದು ಕಾಲಿಗೆ ಕಬ್ಬಿಣ ಹಾಕಿಸಿದ್ದ.

ಆಗ ನನ್ನನ್ನು ಕೇಳಿದಳು: "ಅಮ್ಮಾ, ಒಬ್ಬರನ್ನು ಕಟ್ಟಿ ಹಾಕಿ ತಂದು ಆಮೇಲೆ ಫ್ರೆಂಡ್ ಆಗೋಕೆ ಆಗುತ್ತಾ?"

ನನಗೆ ಉತ್ತರ ಹೊಳೆಯಲಿಲ್ಲ. ನಿಮಗೆ ಏನನ್ನಿಸುತ್ತೆ?

ಅರಸೀಕೆರೆ_ಎಕ್ಸ್‌ಪ್ರೆಸ್
ನಿಮ್ಮ ಮಗಳು ಕೇಳಿದ್ದು ಸರಿಯಾಗಿಯೇ ಇದೆ ಅಕ್ಕ. ಆದರೆ ಆ ಕಾಲದ ಲೆಕ್ಕದಲ್ಲಿ ಫಿಲಿಪ್ ಒಳ್ಳೆಯವನೇ. 11 ಹಡಗು, ಸಾವಿರಕ್ಕೂ ಜಾಸ್ತಿ ಜನ, ಅವರಲ್ಲಿ ಅರ್ಧಕ್ಕಿಂತ ಜಾಸ್ತಿ ಕೈದಿಗಳು. ಇವರನ್ನೆಲ್ಲ ಕಟ್ಟಿಕೊಂಡು 1788ರ ಜನವರಿಯಲ್ಲಿ ಬಂದಿಳಿದ. ಇಲ್ಲಿನವರ ಜೊತೆ ಸ್ನೇಹದಿಂದ ಇರಬೇಕು, ಸುಮ್ನೆ ಅವರನ್ನು ಕೊಂದವರಿಗೆ ಶಿಕ್ಷೆ ಕೊಡಬೇಕು ಅಂತ ರಾಜನ ಆಜ್ಞೆಯೇ ಇತ್ತು. ಅವನು ಅದನ್ನು ಪಾಲಿಸಲು ಪ್ರಯತ್ನಪಟ್ಟ. 1789ರಲ್ಲಿ 16 ಕೈದಿಗಳು ದೊಣ್ಣೆ ಹಿಡಿದು ಮೂಲನಿವಾಸಿಗಳ ಮೇಲೆ ಜಗಳಕ್ಕೆ ಹೋದಾಗ ತನ್ನ ಜನಕ್ಕೇ ಚಾಟಿ ಏಟು ಹೊಡೆಸಿದ. ಬೇರೆ ವಸಾಹತುಗಳಲ್ಲಿ ಯಾರು ಹೀಗೆ ಮಾಡಿದರು ಹೇಳಿ?

ಕಡಲತೀರ
ಆ ಚಾಟಿ ಏಟನ್ನು ಯಾರ ಮುಂದೆ ಹೊಡೆಸಿದ ಅನ್ನೋದೂ ಹೇಳಿ ಸಾರ್. ಅರಬನೂ ಅಂತ ಒಬ್ಬನನ್ನು ತಂದು ನಿಲ್ಲಿಸಿಕೊಂಡಿದ್ದರು. "ನೋಡು, ನಮ್ಮ ನ್ಯಾಯ ಹೀಗಿದೆ" ಅಂತ ತೋರಿಸೋಕೆ. ಅವನಿಗೆ ನ್ಯಾಯ ಕಾಣಲಿಲ್ಲ, ಹೇಸಿಗೆಯಾಯಿತು, ಭಯವಾಯಿತು. ಹಾಗಂತ ಅಲ್ಲೇ ಇದ್ದ ಇಂಗ್ಲಿಷ್ ಅಧಿಕಾರಿಗಳೇ ಬರೆದಿಟ್ಟಿದ್ದಾರೆ.

ಈ ಅರಬನೂ ಯಾರು ಗೊತ್ತಾ? ಬೆನ್ನೆಲಾಂಗ್‌ಗಿಂತ ಮೊದಲು ಹಿಡಿದು ತಂದವನು. 1788ರ ಡಿಸೆಂಬರ್ 31ರಂದು ಮ್ಯಾನ್ಲಿಯಿಂದ ಎಳೆದುಕೊಂಡು ಬಂದರು. ಕೈಗೆ ಕಬ್ಬಿಣದ ಕೋಳ ಹಾಕಿದಾಗ ಅವನು ಮೊದಲು ಅದನ್ನು ಒಡವೆ ಅಂತ ತಿಳಿದು ಖುಷಿಪಟ್ಟನಂತೆ. ತನ್ನ ಭಾಷೆಯಲ್ಲಿ ಒಡವೆಯ ಹೆಸರನ್ನೇ ಹೇಳಿದನಂತೆ. ಅದು ಏನಕ್ಕೆ ಅಂತ ಗೊತ್ತಾದಾಗ ಸಿಟ್ಟಿನಿಂದ ಕುದಿದುಹೋದ. ನಾನು ಇದನ್ನು ಓದಿ ಪುಸ್ತಕ ಮಡಚಿಟ್ಟೆ. ಮುಂದೆ ಓದೋಕೆ ಎರಡು ದಿನ ಬೇಕಾಯ್ತು.

ನುಡಿಗಾರ
ಹಿಡಿದು ತಂದದ್ದು ಯಾಕೆ ಅನ್ನೋದನ್ನೂ ಹೇಳಬೇಕು. ಬಂದು ಒಂದು ವರ್ಷವಾದರೂ ಮಾತು ಬೆಳೆದಿರಲಿಲ್ಲ. ಇಲ್ಲಿನವರು ಬಿಳಿಯರ ಬೀಡಿನ ಹತ್ತಿರ ಬರುವುದನ್ನೇ ಬಿಟ್ಟಿದ್ದರು. ಒಬ್ಬನನ್ನು ಹಿಡಿದು ತಂದು, ಚೆನ್ನಾಗಿ ನೋಡಿಕೊಂಡು, ಭಾಷೆ ಕಲಿತರೆ ಉಳಿದವರೂ ಬರುತ್ತಾರೆ ಅಂತ ಫಿಲಿಪ್‌ನ ಎಣಿಕೆ. ನಾನು ಇದನ್ನು ಸಮರ್ಥಿಸುತ್ತಿಲ್ಲ. ಅವನ ತಲೆಯಲ್ಲಿ ಏನಿತ್ತು ಅಂತ ಹೇಳುತ್ತಿದ್ದೇನೆ ಅಷ್ಟೇ.

ಕಡಲತೀರ
ಅವರು ಯಾಕೆ ಬರುತ್ತಿರಲಿಲ್ಲ ಅನ್ನೋದು ಮುಖ್ಯ ಅಲ್ವಾ? ಕೈದಿಗಳು ಅವರ ಈಟಿ, ಮೀನು ಹಿಡಿಯುವ ಸಾಮಾನು ಕದಿಯುತ್ತಿದ್ದರು. ಬಲೆ ಹಾಕಿ ಕೊಲ್ಲಿಯ ಮೀನನ್ನೆಲ್ಲ ಬಾಚುತ್ತಿದ್ದರು. ಮೀನೇ ಅವರ ಊಟ. ಬಾಗಿಲು ಮುಚ್ಚಿಕೊಂಡವರ ಮನೆಗೆ ನುಗ್ಗಿ "ಮಾತಾಡು ಬಾ" ಅಂತ ಎಳೆದು ತಂದ ಹಾಗಾಯ್ತು ಇದು.

ಬೆಳಗಾವಿ_ಬಿಸಿಲು
ಒಂದು ಸಣ್ಣ ಪ್ರಶ್ನೆ. ಇವರನ್ನು ಕನ್ನಡದಲ್ಲಿ ಏನನ್ನಬೇಕು? ಆದಿವಾಸಿ ಅಂತಲೋ, ಮೂಲನಿವಾಸಿ ಅಂತಲೋ?

ನುಡಿಗಾರ
ಎರಡೂ ನಡೆಯುತ್ತೆ. ಆದರೆ ಕುಲದ ಹೆಸರು ಗೊತ್ತಿದ್ದರೆ ಅದನ್ನೇ ಹೇಳುವುದು ಒಳ್ಳೆಯದು. ಸಿಡ್ನಿ ಕೊಲ್ಲಿಯ ದಕ್ಷಿಣ ದಡದಲ್ಲಿ ಗಡಿಗಲ್, ಅಲ್ಲಿಂದ ಪಶ್ಚಿಮಕ್ಕೆ ವಾಂಗಲ್, ಬಡಗು ದಡದಲ್ಲಿ ಕ್ಯಾಮರೈಗಲ್. ಬೆನ್ನೆಲಾಂಗ್ ವಾಂಗಲ್ ಕುಲದವನು. ಪರಮಾಟ್ಟಾದವರು ಬುರ್ರಮಾಟ್ಟಗಲ್. "ಬುರ್ರ" ಅಂದರೆ ಹಾವುಮೀನು. ಪರಮಾಟ್ಟಾ ಹೆಸರು ಬಂದದ್ದೇ ಅದರಿಂದ. ಹೊಸಬರು ನಮ್ಮನ್ನು ಕೇಳುತ್ತಾರಲ್ಲ, "ಯಾವ ಊರು, ಯಾರ ಪೈಕಿ" ಅಂತ, ಹಾಗೆ.

ತುಂಗಾಬಿ_ಸುಮಾ
ಅಯ್ಯೋ, ದಿನಾ ಪರಮಾಟ್ಟಾ ಸ್ಟೇಷನ್‌ನಲ್ಲಿ ರೈಲು ಬದಲಿಸುತ್ತೇನೆ. ಹಾವುಮೀನು ಅಂತ ಇವತ್ತೇ ಗೊತ್ತಾಯ್ತು. ಇಲ್ಲಿನ ರಗ್ಬಿ ತಂಡದ ಹೆಸರೂ ಅದೇ!

ಪಶ್ಚಿಮಘಟ್ಟ
ಸಿಡುಬಿನ ಮಾತು ಬರದೆ ಈ ಕಥೆ ಪೂರ್ತಿ ಆಗಲ್ಲ. 1789ರ ಏಪ್ರಿಲ್‌ನಲ್ಲಿ ಸಿಡ್ನಿ ಸುತ್ತ ಸಿಡುಬು ಎದ್ದಿತು. ಕಲ್ಲಿನ ಪೊಟರೆಗಳಲ್ಲಿ, ನೀರಿನ ಅಂಚಿನಲ್ಲಿ ಹೆಣಗಳು. ಅರಬನೂ ತನ್ನವರನ್ನು ಹುಡುಕಿಕೊಂಡು ದೋಣಿಯಲ್ಲಿ ಹೋದಾಗ ಬದುಕಿದವರು ಒಬ್ಬರೂ ಕಾಣಲಿಲ್ಲ. ಎಲ್ಲರೂ ಸತ್ತರು ಅಂತ ಕೂಗಿ ಅತ್ತ. ರೋಗ ಬಂದವರನ್ನು ಬೀಡಿಗೆ ತಂದಾಗ ಅವರ ಆರೈಕೆ ಮಾಡಿದವನು ಅವನೇ. ಮೇ ತಿಂಗಳಲ್ಲಿ ಅವನೂ ಅದೇ ರೋಗದಿಂದ ಸತ್ತ. ಸುತ್ತಲಿನ ಜನರಲ್ಲಿ ಅರ್ಧಕ್ಕರ್ಧ ಹೋದರು ಅಂತ ಬೆನ್ನೆಲಾಂಗ್ ಹೇಳಿದ್ದನ್ನು ಫಿಲಿಪ್ ಬರೆದಿದ್ದಾನೆ. ತನ್ನ ಸ್ನೇಹಿತ ಕೋಲ್ಬಿಯ ಗಡಿಗಲ್ ಕುಲದಲ್ಲಿ ಉಳಿದದ್ದು ಮೂರೇ ಜನ ಅಂತಲೂ ಬೆನ್ನೆಲಾಂಗ್ ಹೇಳಿದ.

ನಮ್ಮ ಅಜ್ಜಿ ಸಿಡುಬಿನ ವರ್ಷದ ಕಥೆ ಹೇಳುತ್ತಿದ್ದರು. ಕೇರಿಗೆ ಕೇರಿಯೇ ಬಾಗಿಲು ಹಾಕಿಕೊಂಡು ಅಮ್ಮನಿಗೆ ಹರಕೆ ಹೊರುತ್ತಿತ್ತಂತೆ. ನಮಗೆ ಆ ರೋಗಕ್ಕೆ ಒಂದು ಹೆಸರಿತ್ತು, ದೇವರಿದ್ದಳು, ಬೇವಿನ ಸೊಪ್ಪಿತ್ತು. ಇವರಿಗೆ ಅದು ಏನು ಅಂತಲೇ ಗೊತ್ತಿರಲಿಲ್ಲ.

ಅರಸೀಕೆರೆ_ಎಕ್ಸ್‌ಪ್ರೆಸ್
ಸಿಡುಬನ್ನು ಫಿಲಿಪ್ ತಂದ ಅಂತ ಹೇಳೋಕೆ ಆಗಲ್ಲ. ಆಸ್ಟ್ರೇಲಿಯಾದ ಬಡಗಣ ತೀರಕ್ಕೆ ಬರುತ್ತಿದ್ದ, ಇಂಡೊನೇಷ್ಯಾ ಕಡೆಯ ಮಕಾಸ್ಸರ್ ಮೀನುಗಾರರಿಂದ ಬಂತು ಅನ್ನುವವರೂ ಇದ್ದಾರೆ.

ಪಶ್ಚಿಮಘಟ್ಟ
ಇದ್ದಾರೆ. ಹಡಗಿನ ವೈದ್ಯರು ಸಿಡುಬಿನ ಕೀವನ್ನು ಸೀಸೆಯಲ್ಲಿ ತಂದಿದ್ದರು ಅನ್ನೋದೂ ದಾಖಲೆಯಲ್ಲಿದೆ. ಆ ಜಗಳ ಇನ್ನೂ ಮುಗಿದಿಲ್ಲ. ನಾನು ಹೇಳಿದ್ದು ಬೇರೆ. ಊರಲ್ಲಿ ಅರ್ಧ ಜನ ಸತ್ತ ಅದೇ ವರ್ಷದ ನವೆಂಬರ್ 25ರಂದು ಫಿಲಿಪ್ ಮತ್ತೆ ದೋಣಿ ಕಳಿಸಿದ. ಬೆನ್ನೆಲಾಂಗ್, ಕೋಲ್ಬಿ ಇಬ್ಬರನ್ನೂ ಮೀನು ತೋರಿಸಿ ನೀರಿಗೆ ಕರೆದು ಹಿಡಿದರು. ದಡದಲ್ಲಿ ಹೆಂಗಸರು, ಮಕ್ಕಳು ಚೀರಾಡುತ್ತಿದ್ದರು. ಆ ಕೆಲಸ ಮಾಡಿದ ಲೆಫ್ಟಿನೆಂಟ್ ಬ್ರಾಡ್ಲಿಯೇ, ನನಗೆ ಕೊಟ್ಟ ಆಜ್ಞೆಗಳಲ್ಲೆಲ್ಲ ಇಷ್ಟು ಬೇಸರದ್ದು ಇನ್ನೊಂದಿಲ್ಲ ಅಂತ ಬರೆದುಕೊಂಡ.

ಕೋಲ್ಬಿ ಕೆಲವೇ ದಿನದಲ್ಲಿ ತಪ್ಪಿಸಿಕೊಂಡ. ಬೆನ್ನೆಲಾಂಗ್ ಮುಂದಿನ ಮೇ ತನಕ ಇದ್ದು, ಒಂದು ರಾತ್ರಿ ಬೇಲಿ ಹಾರಿ ಹೋದ.

ನುಡಿಗಾರ
ಈಗ ಮ್ಯಾನ್ಲಿ ಈಟಿಯ ವಿಷಯಕ್ಕೆ ಬರೋಣ. ಅದನ್ನು "ಫಿಲಿಪ್‌ನ ಕ್ಷಮೆ" ಅಂತ ಓದುವುದು ಅರ್ಧ ಕಥೆ ಮಾತ್ರ ಅಂತ ನನ್ನ ಅಭಿಪ್ರಾಯ.

1790ರ ಸೆಪ್ಟೆಂಬರ್ 7. ಮ್ಯಾನ್ಲಿಯಲ್ಲಿ ಒಂದು ತಿಮಿಂಗಿಲ ಸತ್ತು ದಡಕ್ಕೆ ಬಿದ್ದಿತ್ತು. ತುಂಬಾ ಜನ ಸೇರಿದ್ದರು. ಬೆನ್ನೆಲಾಂಗ್ ಫಿಲಿಪ್‌ಗೆ ಹೇಳಿ ಕಳಿಸಿದ. ಫಿಲಿಪ್ ಬಂದ. ಇಬ್ಬರೂ ಕೈ ಕುಲುಕಿದರು, ಮಾತಾಡಿದರು, ವೈನ್ ಕುಡಿದರು. ಆಮೇಲೆ ಸುತ್ತ ಜನ ಕೂಡುತ್ತಾ ಬಂದರು. ಬೆನ್ನೆಲಾಂಗ್ ಒಬ್ಬನ ಕಡೆ ಕೈ ತೋರಿಸಿದ. ಅವನ ಹೆಸರು ವಿಲೆಮೆರಿಂಗ್. ಫಿಲಿಪ್ ತನ್ನ ಸೊಂಟದ ಕತ್ತಿ ತೆಗೆದು ಕೆಳಗೆ ಹಾಕಿ, ಕೈ ಚಾಚಿ ಅವನ ಕಡೆ ನಡೆದ. ಆ ಮನುಷ್ಯ ಈಟಿ ಎಸೆದ. ಕೊರಳ ಮೂಳೆಯ ಹತ್ತಿರ ಹೊಕ್ಕು ಬೆನ್ನಲ್ಲಿ ಬಂತು. ಉದ್ದದ ಈಟಿ ನೆಲಕ್ಕೆ ತಾಗುತ್ತಿದ್ದರಿಂದ ಫಿಲಿಪ್‌ಗೆ ಓಡೋಕೂ ಆಗಲಿಲ್ಲ. ಒಬ್ಬ ಅಧಿಕಾರಿ ಅದರ ಕೋಲು ಮುರಿದ. ದೋಣಿಯಲ್ಲಿ ಸಿಡ್ನಿಗೆ ಸುಮಾರು ಎರಡು ಗಂಟೆ ದಾರಿ. ಹತ್ತು ದಿನದ ಹೊತ್ತಿಗೆ ಫಿಲಿಪ್ ಓಡಾಡುವ ಹಾಗಾದ.

ಇದು ಆಕಸ್ಮಿಕ ಅಲ್ಲ, ಪಂಚಾಯ್ತಿ ಮಾಡಿ ಕೊಟ್ಟ ಶಿಕ್ಷೆ ಅಂತ ಕೆಲವು ಇತಿಹಾಸಕಾರರು ಹೇಳುತ್ತಾರೆ. ಇಲ್ಲಿನ ಮೂಲನಿವಾಸಿಗಳ ಪದ್ಧತಿಯಲ್ಲಿ ತಪ್ಪು ಮಾಡಿದವನು ಎಲ್ಲರ ಮುಂದೆ ನಿಂತು ಈಟಿ ಎದುರಿಸಬೇಕು. ಗಾಯವಾದರೆ ಲೆಕ್ಕ ಚುಕ್ತಾ. ಹಿಡಿದು ಒಯ್ದ ತಪ್ಪಿಗೆ ಫಿಲಿಪ್ ದಂಡ ತೆತ್ತ. ಅದಕ್ಕೇ ಮುಂದಿನ ತಿಂಗಳಲ್ಲಿ ಬೆನ್ನೆಲಾಂಗ್ ತಾನಾಗಿಯೇ ಸಿಡ್ನಿಗೆ ಬಂದು ಹೋಗಲು ಶುರು ಮಾಡಿದ. ಹಾಗೆ ನೋಡಿದರೆ ಅವತ್ತು ಕ್ಷಮಿಸಿದ್ದು ಫಿಲಿಪ್ ಅಲ್ಲ. ಅವನನ್ನು ಇವರು ಕ್ಷಮಿಸಿದರು.

ಸುಮಾ ಅವರೇ, ನಿಮ್ಮ ಮಗಳ ಪ್ರಶ್ನೆಗೆ ಇದರಲ್ಲೊಂದು ಉತ್ತರ ಇದೆ ಅನ್ನಿಸುತ್ತೆ.

ಕೊಡಗಿನ_ಕಾಫಿ
ನಮ್ಮ ಕಡೆ ಹಳ್ಳಿ ಪಂಚಾಯ್ತಿಯಲ್ಲೂ ಹಾಗೆಯೇ. ತಪ್ಪುಗಾಣಿಕೆ ಕಟ್ಟಿದ ಮೇಲೆ ಮತ್ತೆ ಅದೇ ಮಾತು ಎತ್ತುವಂತಿಲ್ಲ. ಒಟ್ಟಿಗೆ ಕೂತು ಊಟ ಮಾಡಬೇಕು.

ಅರಸೀಕೆರೆ_ಎಕ್ಸ್‌ಪ್ರೆಸ್
ಈ ಕೋನದಿಂದ ನಾನು ನೋಡಿರಲಿಲ್ಲ. ಒಪ್ಪುತ್ತೇನೆ. ಆದರೂ ಸೈನಿಕರ ಕೈಯಲ್ಲಿ ಬಂದೂಕು ಇರುವಾಗ "ಬೇಡ" ಅನ್ನಬೇಕಾದರೆ ಒಂದು ಗುಣ ಬೇಕು. ಅದನ್ನು ಅವನಿಂದ ಕಿತ್ತುಕೊಳ್ಳಬೇಡಿ.

ಕಡಲತೀರ
ಮೂರೇ ತಿಂಗಳು ಕಾಯಿರಿ. 1790ರ ಡಿಸೆಂಬರ್‌ನಲ್ಲಿ ಅವನ ಬೇಟೆಗಾರ ಮೆಕೆಂಟೈರ್‌ನನ್ನು ಪೆಮಲ್ವುಯ್ ಅನ್ನುವ ಮೂಲನಿವಾಸಿ ಈಟಿಯಿಂದ ಹೊಡೆದ. ಈ ಬೇಟೆಗಾರನನ್ನು ಕಂಡರೆ ಮೂಲನಿವಾಸಿಗಳೆಲ್ಲ ಹೆದರುತ್ತಿದ್ದರು, ಬೆನ್ನೆಲಾಂಗ್ ಕೂಡ. ಅವನು ಏನೇನು ಮಾಡಿದ್ದನೋ. ಆಗ ಫಿಲಿಪ್ ಕೊಟ್ಟ ಆಜ್ಞೆ: ಹತ್ತು ಜನರನ್ನು ಕೊಂದು ತಲೆ ತನ್ನಿ, ಇಬ್ಬರನ್ನು ಜೀವಂತ ಹಿಡಿದು ತನ್ನಿ. ತಲೆ ತರೋಕೆ ಕೊಡಲಿ, ಚೀಲ ಎಲ್ಲ ಕೊಟ್ಟ. ಮ್ಯಾನ್ಲಿಯ ಅದೇ ಫಿಲಿಪ್.

ಅರಸೀಕೆರೆ_ಎಕ್ಸ್‌ಪ್ರೆಸ್
ಅದು ಕಡೆಗೆ ನಡೆಯಲಿಲ್ಲವಲ್ಲ.

ನುಡಿಗಾರ
ನಡೆಯಲಿಲ್ಲ, ನಿಜ. ಆ ಕೆಲಸಕ್ಕೆ ಕಳಿಸಿದ ದಂಡಿನ ಮುಂದಾಳು ವಾಟ್ಕಿನ್ ಟೆಂಚ್ ಸಂಖ್ಯೆ ಕಡಿಮೆ ಮಾಡಿ ಅಂತ ಕೇಳಿದ. ಆರು ಜನರನ್ನು ಹಿಡಿಯಿರಿ, ಆಗದಿದ್ದರೆ ಆರು ಜನರನ್ನು ಕೊಲ್ಲಿ ಅನ್ನುವಷ್ಟಕ್ಕೆ ಇಳಿಯಿತು. ಎರಡು ಸಲ ದಂಡು ಹೋಗಿ ಬರಿಗೈಯಲ್ಲಿ ವಾಪಸ್ ಬಂತು. ಹೆಂಗಸರು ಮಕ್ಕಳನ್ನು ಮುಟ್ಟಬೇಡಿ, ಸ್ನೇಹದ ಸನ್ನೆ ಮಾಡಿ ಮೋಸದಿಂದ ಹತ್ತಿರ ಕರೆಯಬೇಡಿ ಅಂತಲೂ ಫಿಲಿಪ್ ಹೇಳಿದ್ದ. ಮೀನು ತೋರಿಸಿ ಕರೆದು ಹಿಡಿಸಿದವನೇ ಈ ಮಾತು ಹೇಳಿದ. ಆದರೆ ತಲೆ ಎಣಿಸಿ ತರಲು ಹೇಳಿದ್ದು ಸುಳ್ಳಾಗಲ್ಲ.

ಇಲ್ಲಿ ನಾನು ನೆನಪಿಸಬೇಕಾದ ಹೆಸರು ಲೆಫ್ಟಿನೆಂಟ್ ವಿಲಿಯಂ ಡಾಸ್. ಅವನು ಹೋಗಲ್ಲ ಅಂದ. ಪಾದ್ರಿಯ ಮಾತು ಕೇಳಿ ಕಡೆಗೆ ಹೋದ. ವಾಪಸ್ ಬಂದ ಮೇಲೆ ಹೋಗಿದ್ದಕ್ಕೆ ಪಶ್ಚಾತ್ತಾಪವಾಗಿದೆ ಅಂತ ಬಹಿರಂಗವಾಗಿಯೇ ಹೇಳಿದ. ಸಿಡ್ನಿಯಲ್ಲಿ ಉಳಿಯಬೇಕು ಅಂತ ಅವನಿಗೆ ತುಂಬಾ ಆಸೆಯಿತ್ತು. ಕ್ಷಮೆ ಕೇಳದೆ ಉಳಿಸಿಕೊಳ್ಳಲ್ಲ ಅಂತ ಫಿಲಿಪ್ ಹೇಳಿದ. ಡಾಸ್ ಕೇಳಲಿಲ್ಲ. 1791ರ ಕೊನೆಯಲ್ಲಿ ಹಡಗು ಹತ್ತಿದ.

ಡಾಸ್ ಯಾರನ್ನೂ ಕಟ್ಟಿ ತಂದು ಭಾಷೆ ಕಲಿಯಲಿಲ್ಲ. ಅವನ ನಕ್ಷತ್ರ ನೋಡುವ ಗುಡಿಸಲಿಗೆ ಇಲ್ಲಿನವರು ತಾವಾಗಿಯೇ ಬರುತ್ತಿದ್ದರು. ಪಟ್ಯೆಗರಂಗ್ ಅನ್ನುವ ಹುಡುಗಿ ಅವನಿಗೆ ಮಾತು ಕಲಿಸಿದಳು. ಅವನ ನೋಟುಪುಸ್ತಕಗಳು 1972ರಲ್ಲಿ ಲಂಡನ್‌ನಲ್ಲಿ ಸಿಕ್ಕವು. ಅದರಲ್ಲಿ ಒಂದು ಪದ ಇದೆ, "ಪುಟುವಾ". ಅರ್ಥ: ಬೆಂಕಿಗೆ ನಮ್ಮ ಕೈ ಕಾಯಿಸಿಕೊಂಡು, ಆ ಬಿಸಿ ಕೈಯಿಂದ ಇನ್ನೊಬ್ಬರ ಬೆರಳನ್ನು ಮೆಲ್ಲಗೆ ಅದುಮುವುದು. ಇಷ್ಟಕ್ಕೂ ಒಂದೇ ಪದ!

ಇನ್ನೊಂದು ಮಾತುಕತೆ ಇದೆ. ನಿಮ್ಮ ಜನಕ್ಕೆ ಯಾಕೆ ಸಿಟ್ಟು ಅಂತ ಡಾಸ್ ಕೇಳುತ್ತಾನೆ. ಬಿಳಿಯರು ಇಲ್ಲಿ ಬಂದು ಕೂತಿದ್ದಾರಲ್ಲ, ಅದಕ್ಕೆ ಅನ್ನುತ್ತಾಳೆ. ಯಾಕೆ ಹೆದರುತ್ತಾರೆ ಅಂತ ಕೇಳುತ್ತಾನೆ. ಅವಳು "ಗನಿನ್" ಅನ್ನುತ್ತಾಳೆ. ಗನ್ ಅನ್ನುವ ಇಂಗ್ಲಿಷ್ ಪದಕ್ಕೆ ತನ್ನ ಭಾಷೆಯ ಪ್ರತ್ಯಯ ಸೇರಿಸಿದ್ದಾಳೆ. ನಾವು "ಬಸ್ಸಿನಿಂದ", "ಫೋನಿನಿಂದ" ಅನ್ನುವ ಹಾಗೆ, "ಬಂದೂಕಿನಿಂದ". ನಾನು ಭಾಷೆ ಓದಿದವನು. ಆ ಒಂದು ಪದ ನೋಡಿದಾಗ ಕಣ್ಣು ತುಂಬಿತು.

ತುಂಗಾಬಿ_ಸುಮಾ
ಇದನ್ನು ಮಗಳಿಗೆ ಓದಿ ಹೇಳಿದೆ. ಈಗ ಗ್ಯಾಸ್ ಒಲೆ ಹತ್ತಿರ ಕೈ ಕಾಯಿಸಿಕೊಂಡು ಬಂದು ಎಲ್ಲರ ಬೆರಳು ಹಿಡಿಯುತ್ತಿದ್ದಾಳೆ.

ಬೆಳಗಾವಿ_ಬಿಸಿಲು
ಮುದ್ದು! ನಮ್ಮ ಮಕ್ಕಳಿಗೆ ಕನ್ನಡದ ಪದಗಳೂ ಹೀಗೆಯೇ ಕೈಯಿಂದ ಕೈಗೆ ಹೋಗಬೇಕು. ನನ್ನ ಮಗ "ಕಚಗುಳಿ" ಕಲಿತದ್ದು ಹಾಗೆಯೇ.

ವಕೀಲ_ವೃತ್ತಿ
ಕ್ಷಮಿಸಿ, ನಡುವೆ ಬಾಯಿ ಹಾಕುತ್ತಿದ್ದೇನೆ. ಒಬ್ಬ ಮನುಷ್ಯ ಒಳ್ಳೆಯವನೋ ಕೆಟ್ಟವನೋ ಅನ್ನೋದರಲ್ಲೇ ನಾವು ಸಿಕ್ಕಿಕೊಂಡಿದ್ದೇವೆ. ನೆಲದ ಮಾತು ಎಲ್ಲಿ? ಆಸ್ಟ್ರೇಲಿಯಾದಲ್ಲಿ ಬ್ರಿಟಿಷರು ಇಲ್ಲಿನವರ ಜೊತೆ ಒಂದು ಒಪ್ಪಂದವನ್ನೂ ಮಾಡಿಕೊಳ್ಳಲಿಲ್ಲ. ಪಕ್ಕದ ನ್ಯೂಜಿಲೆಂಡ್‌ನಲ್ಲಿ 1840ರಲ್ಲಿ ಮಾವೊರಿಗಳ ಜೊತೆ ವೈತಾಂಗಿ ಒಪ್ಪಂದ ಆಯ್ತು. 1835ರಲ್ಲಿ ಮೆಲ್ಬರ್ನ್ ಹತ್ತಿರ ಬ್ಯಾಟ್‌ಮನ್ ಅನ್ನುವವನು ಮೂಲನಿವಾಸಿಗಳಿಂದ ತಾನೇ ಒಂದು ಜಮೀನಿನ ಪತ್ರ ಮಾಡಿಸಿಕೊಂಡರೆ, ಗವರ್ನರ್ ಬರ್ಕ್ ಅದು ನಡೆಯಲ್ಲ, ನೆಲ ರಾಜನದ್ದು ಅಂತ ಘೋಷಣೆ ಹೊರಡಿಸಿದ. ಈ ನೆಲಕ್ಕೆ ಮೊದಲೇ ಒಡೆಯರಿದ್ದರು ಅಂತ ಇಲ್ಲಿನ ಹೈಕೋರ್ಟ್ ಒಪ್ಪಿದ್ದು 1992ರ ಜೂನ್ 3ರಂದು, ಮಾಬೊ ಪ್ರಕರಣದಲ್ಲಿ. 204 ವರ್ಷ ಬೇಕಾಯ್ತು. ಫಿಲಿಪ್ ಎಷ್ಟೇ ಮೃದುವಾಗಿ ನಡೆದುಕೊಂಡಿದ್ದರೂ ಪತ್ರವೇ ಇಲ್ಲದೆ ಜಮೀನಿಗೆ ಇಳಿದವನು ಅವನು.

ಕಡಲತೀರ
ಇದಕ್ಕೆ ನನ್ನ ಪೂರ್ತಿ ಒಪ್ಪಿಗೆ.

ಹೋಬಾರ್ಟ್_ಹುಡುಗ
ಟಾಸ್ಮೇನಿಯಾದಿಂದ ಬರೆಯುತ್ತಿದ್ದೇನೆ. ಇಲ್ಲಿನ ಗವರ್ನರ್ ಜಾರ್ಜ್ ಆರ್ಥರ್ ಕಾಲದಲ್ಲಿ, ಸುಮಾರು 1830ರಲ್ಲಿ, ಹಲಗೆ ಮೇಲೆ ಚಿತ್ರ ಬರೆಸಿ ಕಾಡಿನ ಮರಗಳಿಗೆ ಕಟ್ಟಿಸಿದರು. ಒಂದು ಸಾಲಿನಲ್ಲಿ ಕರಿಯ ಬಿಳಿಯನನ್ನು ಈಟಿಯಿಂದ ಕೊಲ್ಲುತ್ತಾನೆ, ಗಲ್ಲು. ಕೆಳಗಿನ ಸಾಲಿನಲ್ಲಿ ಬಿಳಿಯ ಕರಿಯನನ್ನು ಗುಂಡಿಟ್ಟು ಕೊಲ್ಲುತ್ತಾನೆ, ಅವನಿಗೂ ಗಲ್ಲು. ನೋಡೋಕೆ ಎಷ್ಟು ನ್ಯಾಯ! ಈ ದ್ವೀಪದಲ್ಲಿ ಮೂಲನಿವಾಸಿಯನ್ನು ಕೊಂದಿದ್ದಕ್ಕೆ ಒಬ್ಬ ಬಿಳಿಯನನ್ನೂ ಗಲ್ಲಿಗೇರಿಸಲಿಲ್ಲ. ಅದೇ 1830ರಲ್ಲಿ ಸುಮಾರು 2,200 ಜನರನ್ನು ಸಾಲು ನಿಲ್ಲಿಸಿ, ಬೇಟೆಯಲ್ಲಿ ಕಾಡು ಸೋಹುವ ಹಾಗೆ ವಾರಗಟ್ಟಲೆ ಮೂಲನಿವಾಸಿಗಳನ್ನು ಅಟ್ಟಿದರು. ಸಿಕ್ಕವರು ಇಬ್ಬರು.

1876ರಲ್ಲಿ ಟ್ರುಗನಿನಿ ಅನ್ನುವ ಮೂಲನಿವಾಸಿ ಹೆಂಗಸು ಸತ್ತ ಮೇಲೆ ಇವರ ಸಂತತಿ ಮುಗಿಯಿತು ಅಂತ ಹಳೆಯ ಪುಸ್ತಕಗಳಲ್ಲಿ ಇರುತ್ತೆ. ತಪ್ಪು. ಅವರ ಮೊಮ್ಮಕ್ಕಳು, ಮರಿಮಕ್ಕಳು ಇಲ್ಲೇ ಇದ್ದಾರೆ. ನನ್ನ ಜೊತೆ ಕೆಲಸ ಮಾಡುವವರಲ್ಲೇ ಇದ್ದಾರೆ.

ಗಂಜಾಂ_ಮೇಷ್ಟ್ರು
ಮಕ್ಕಳೇ, ಎಲ್ಲ ಓದಿದೆ. ಶ್ರೀರಂಗಪಟ್ಟಣದ ನಿವೃತ್ತ ಮೇಷ್ಟ್ರು ನಾನು. ಸಿಡ್ನಿಯಲ್ಲಿರುವ ಮಗನ ಮನೆಗೆ ಹೋದಾಗ ಮ್ಯಾಕ್ವಾರಿ ಸ್ಟ್ರೀಟ್, ಮ್ಯಾಕ್ವಾರಿ ಯೂನಿವರ್ಸಿಟಿ, ಎಲ್ಲಿ ನೋಡಿದರೂ ಆ ಹೆಸರು. 1810ರಿಂದ 1821ರ ತನಕ ಗವರ್ನರ್ ಆಗಿದ್ದ ಲ್ಯಾಕ್ಲನ್ ಮ್ಯಾಕ್ವಾರಿ. ಈತ ನಮ್ಮೂರಿಗೂ ಬಂದವನು. 1792ರ ಮುತ್ತಿಗೆಯಲ್ಲಿ ಕೊಡಗಿನ ಮೇಲಿಂದ ಬಂದ ಬೊಂಬಾಯಿ ಸೈನ್ಯದಲ್ಲಿದ್ದ. 1799ರಲ್ಲಿ ಟಿಪ್ಪು ಬಿದ್ದಾಗಲೂ ಇದ್ದ. ಪಟ್ಟಣದ ಕೊಳ್ಳೆಯಲ್ಲಿ ಅವನಿಗೂ ಪಾಲು ಸಿಕ್ಕಿತು. ನಡುವೆ 1795ರಲ್ಲಿ ಕೊಚ್ಚಿಯಲ್ಲಿ ಇಬ್ಬರು ಹುಡುಗರನ್ನು ಗುಲಾಮರಾಗಿ ಕೊಂಡುಕೊಂಡ. ಅವರಲ್ಲಿ ಒಬ್ಬನಿಗೆ ಜಾರ್ಜ್ ಜಾರ್ವಿಸ್ ಅಂತ ಹೆಸರಿಟ್ಟ. ಆ ಹುಡುಗ ಆಳಾಗಿ ಸಿಡ್ನಿಯವರೆಗೂ ಹೋದ.

ಈ ಮ್ಯಾಕ್ವಾರಿಯೂ ಉಪಕಾರಿ ಅನ್ನಿಸಿಕೊಂಡವನೇ. ಪರಮಾಟ್ಟಾದಲ್ಲಿ ಮೂಲನಿವಾಸಿಗಳಿಗೆ ವರ್ಷಕ್ಕೊಂದು ಔತಣ ಹಾಕಿಸಿದ. 1815ರಲ್ಲಿ ಅವರ ಮಕ್ಕಳಿಗೆ ಶಾಲೆ ತೆರೆದ. ಒಮ್ಮೆ ಬಿಟ್ಟರೆ ದೊಡ್ಡವರಾಗುವ ತನಕ ಅಪ್ಪ ಅಮ್ಮ ವಾಪಸ್ ಕರೆದುಕೊಂಡು ಹೋಗುವ ಹಾಗಿಲ್ಲ. ಆ ಶಾಲೆಯ ಮಾರಿಯಾ ಅನ್ನುವ ಹುಡುಗಿ 1819ರ ಪರೀಕ್ಷೆಯಲ್ಲಿ ಬಿಳಿಯರ ಮಕ್ಕಳನ್ನೂ ಹಿಂದೆ ಹಾಕಿ ಮೊದಲ ಬಹುಮಾನ ಗೆದ್ದಳು. ಮೇಷ್ಟ್ರಾಗಿ ನನಗೆ ಅವಳ ಮೇಲೆ ಬಹಳ ಅಭಿಮಾನ.

ಅದೇ ಮ್ಯಾಕ್ವಾರಿ 1816ರ ಏಪ್ರಿಲ್‌ನಲ್ಲಿ ಮೂರು ದಂಡು ಕಳಿಸಿದ. ಎದುರು ನಿಂತ ಗಂಡಸರನ್ನು ಕೊಂದು, ಉಳಿದವರು ಹೆದರಲಿ ಅಂತ ಹೆಣಗಳನ್ನು ಮರಕ್ಕೆ ನೇತು ಹಾಕಿ ಅಂತ ಆಜ್ಞೆ. ಏಪ್ರಿಲ್ 17ರ ಬೆಳಗಿನ ಜಾವ ಆ್ಯಪಿನ್ ಹತ್ತಿರ ಕ್ಯಾಪ್ಟನ್ ವಾಲಿಸ್‌ನ ಸೈನಿಕರು ಧರಾವಲ್ ಜನರ ಬೀಡಿನ ಮೇಲೆ ಬಿದ್ದರು. ಕೆಲವರು ಗುಂಡಿಗೆ, ಕೆಲವರು ಕತ್ತಲಲ್ಲಿ ಪ್ರಪಾತಕ್ಕೆ ಬಿದ್ದು ಸತ್ತರು. ಕಡಿಮೆ ಅಂದರೂ 14 ಜನ. ಅದರಲ್ಲಿ ಹೆಂಗಸರು, ಮಕ್ಕಳು ಇದ್ದರು.

ನಾನು ಮಕ್ಕಳಿಗೆ 1799 ಪಾಠ ಮಾಡುವಾಗ ಟಿಪ್ಪು, ಹ್ಯಾರಿಸ್, ವೆಲ್ಲೆಸ್ಲಿ ಅಂತ ಹೇಳಿ ಮುಗಿಸುತ್ತಿದ್ದೆ. ನಮ್ಮ ಕೋಟೆ ಒಡೆದ ಸೈನ್ಯದಲ್ಲಿದ್ದವನು ಸಮುದ್ರದಾಚೆ ಇನ್ನೊಬ್ಬರ ಮನೆ ಒಡೆದ ಅಂತ ಗೊತ್ತಿದ್ದರೆ ಅದನ್ನೂ ಹೇಳುತ್ತಿದ್ದೆ.

ಕೊಡಗಿನ_ಕಾಫಿ
ಮೇಷ್ಟ್ರೇ, ಕೈ ಮುಗಿದೆ. ಇದು ನನಗೆ ಗೊತ್ತೇ ಇರಲಿಲ್ಲ.

ಅರಸೀಕೆರೆ_ಎಕ್ಸ್‌ಪ್ರೆಸ್
ಮೇಷ್ಟ್ರೇ, ನಾನು ಮ್ಯಾಕ್ವಾರಿ ಯೂನಿವರ್ಸಿಟಿಯಲ್ಲೇ ಓದಿದವನು. ಎರಡು ವರ್ಷ ಆ ಹೆಸರಿನ ಬ್ಯಾಗ್ ಹೊತ್ತುಕೊಂಡು ಓಡಾಡಿದೆ. ಫಿಲಿಪ್ ವಿಷಯದಲ್ಲಿ ನನ್ನ ಮಾತು ಪೂರ್ತಿ ಬದಲಾಗಿಲ್ಲ. ಆದರೆ "ಒಳ್ಳೆಯವನೇ" ಅಂತ ಮೊದಲು ಬರೆದೆನಲ್ಲ, ಆ "ಏ" ತೆಗೆಯುತ್ತೇನೆ.

ಪಶ್ಚಿಮಘಟ್ಟ
ಸುಮಾ ಅವರೇ, ನಿಮ್ಮ ಪಕ್ಕದಲ್ಲೇ ಪೆಮಲ್ವುಯ್ ಅಂತ ಒಂದು ಬಡಾವಣೆ ಇದೆ, ಗೊತ್ತಲ್ವಾ? ಮೆಕೆಂಟೈರ್‌ನನ್ನು ಹೊಡೆದನಲ್ಲ, ಅದೇ ಪೆಮಲ್ವುಯ್ ಹೆಸರು. ಹನ್ನೆರಡು ವರ್ಷ ಹೋರಾಡಿದ. ನಿಮ್ಮ ತುಂಗಾಬಿಯ ಸರ್ಕಾರಿ ಹೊಲದ ಮೇಲೂ ದಾಳಿ ಮಾಡಿದ್ದ. 1797ರಲ್ಲಿ ಪರಮಾಟ್ಟಾದಲ್ಲಿ ಏಳು ಗುಂಡು ಬಿದ್ದರೂ ಬದುಕಿಕೊಂಡ, ಕಾಲಿಗೆ ಕಬ್ಬಿಣ ಇದ್ದ ಹಾಗೆಯೇ ಆಸ್ಪತ್ರೆಯಿಂದ ಓಡಿದ. 1802ರಲ್ಲಿ ಅವನನ್ನು ಕೊಂದು, ಗವರ್ನರ್ ಕಿಂಗ್ ತಲೆಯನ್ನು ಇಂಗ್ಲೆಂಡಿಗೆ, ವಿಜ್ಞಾನಿ ಜೋಸೆಫ್ ಬ್ಯಾಂಕ್ಸ್‌ಗೆ ಕಳಿಸಿದ. ವಸಾಹತಿಗೆ ದೊಡ್ಡ ಪೀಡೆ, ಆದರೆ ಧೀರ, ಯಾರಿಗೂ ತಲೆಬಾಗದವನು ಅಂತ ಕಿಂಗ್ ತಾನೇ ಬರೆದ. ಆ ತಲೆ ಇವತ್ತಿನ ತನಕ ವಾಪಸ್ ಬಂದಿಲ್ಲ.

ತುಂಗಾಬಿ_ಸುಮಾ
ಆ ಬಡಾವಣೆಯಲ್ಲಿ ನಮ್ಮ ಸ್ನೇಹಿತರ ಮನೆ ಇದೆ. ಯುಗಾದಿಗೆ ಹೋಗಿ ಒಬ್ಬಟ್ಟು ತಿಂದು ಬಂದೆವು. ಆ ಹೆಸರು ಯಾರದ್ದು ಅಂತ ನಮ್ಮಲ್ಲಿ ಒಬ್ಬರೂ ಕೇಳಲಿಲ್ಲ.

ಮಗಳು ಪುಟ ಮುಗಿಸಿದಳು. "ತುಂಬಾ ಒಳ್ಳೆಯವನು" ಅನ್ನೋದನ್ನು ಹೊಡೆದು ಹಾಕಿದ್ದಾಳೆ. "ಕೆಟ್ಟವನು" ಅಂತಲೂ ಬರೆದಿಲ್ಲ. ಅರಬನೂ ಕೋಳವನ್ನು ಒಡವೆ ಅಂದುಕೊಂಡದ್ದು, ಮ್ಯಾನ್ಲಿಯ ಈಟಿ, ಹತ್ತು ತಲೆಯ ಆಜ್ಞೆ, ಮೂರನ್ನೂ ಒಂದರ ಕೆಳಗೆ ಒಂದು ಬರೆದಿದ್ದಾಳೆ. ಕೆಳಗೆ ಪುಟುವಾ ಚಿತ್ರ, ಎರಡು ಕೈ ಮತ್ತು ಬೆಂಕಿ. ಡಾಸ್‌ನ ಕೈಗೆ ಯಾವ ಬಣ್ಣ ಹಾಕಲಿ ಅಂತ ಕೇಳಿದಳು.

ನುಡಿಗಾರ
ಹುಡುಗಿಗೆ ನನ್ನ ಪ್ರೀತಿ ತಿಳಿಸಿ. ಒಂದು ಸಣ್ಣ ವಿಷಯ: ಚಿತ್ರದಲ್ಲಿ ಬೆಂಕಿಗೆ ಕೈ ಕಾಯಿಸುತ್ತಿರುವವಳು ಪಟ್ಯೆಗರಂಗ್ ಆಗಿರಬೇಕು, ಡಾಸ್ ಅಲ್ಲ. ಬಿಸಿ ಅವಳ ಕೈಯಿಂದ ಅವನಿಗೆ ಹೋಗುತ್ತದೆ.